ಮಗಳು ಪಂಚಾಯಿತಿ ಚುನಾವಣೆಗೆ ನಿಲ್ಲುತ್ತೇನೆ ಎನ್ನುತ್ತಾಳೆ, ನಾನು ತಡೆಯಬೇಕೇ?

ಪ್ರಶ್ನೆ: ನನಗೆ 55 ವರ್ಷ. ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಬೇಸಾಯ ಮಾಡಿಕೊಂಡಿದ್ದೇನೆ. ಮೂವತ್ತು ವರ್ಷಗಳಿಂದ ಒಂದೇ ಪಕ್ಷದ ಕಾರ್ಯಕರ್ತ. ನನ್ನ ಮಗಳಿಗೆ 23 ವರ್ಷ, ಬಿ.ಕಾಂ. ಮುಗಿಸಿದ್ದಾಳೆ. ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಬೇಡ ಎಂದರೆ, ‘ನಿಮ್ಮ ಕಾಲದವರು ಮತ ಮಾರಿಕೊಂಡು ಊರನ್ನು ಹಾಳು ಮಾಡಿದಿರಿ, ಈಗ ನಮಗೂ ಬಿಡುವುದಿಲ್ಲ’ ಎನ್ನುತ್ತಾಳೆ. ಮನೆಯಲ್ಲಿ ಮಾತು ನಿಂತಿದೆ. ನಮ್ಮ ವಾರ್ಡಿಗೆ ನಮ್ಮ ಮುಖಂಡರು ಆಗಲೇ ಬೇರೆಯವರಿಗೆ ಮಾತು ಕೊಟ್ಟಿದ್ದಾರೆ. ಖರ್ಚಿನ ಚಿಂತೆ, ಊರಲ್ಲಿ ನಿಷ್ಠುರವಾಗುವ ಚಿಂತೆ, ಅವಳ ಮದುವೆಯ ಚಿಂತೆ. ಇಷ್ಟು ಚಿಕ್ಕ ವಯಸ್ಸಿಗೆ ರಾಜಕೀಯ ಬೇಕೇ? ಈಗಿನ ಮಕ್ಕಳಿಗೆ ಹಿರಿಯರ ಮೇಲೆ ಇಷ್ಟು ಸಿಟ್ಟೇಕೆ?

ಉತ್ತರ: ತಡೆಯಬೇಡಿ, ನಿಲ್ಲಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಣಗಳನ್ನು ಓದುವಾಗ ನನ್ನ ಅಭಿಪ್ರಾಯ ಏನಿರಬಹುದು ಎಂದು ನೀವು ಊಹಿಸುತ್ತಾ ಕೂರಬೇಕಾಗಿಲ್ಲ.

ವಯಸ್ಸಿನ ಪ್ರಶ್ನೆಯನ್ನು ಬೇಗ ಮುಗಿಸೋಣ. ಪಂಚಾಯಿತಿಗೆ ಸ್ಪರ್ಧಿಸಲು 21 ತುಂಬಿದ್ದರೆ ಸಾಕು ಎಂದು ಸಂವಿಧಾನವೇ ಹೇಳಿದೆ. ವಿಧಾನಸಭೆಗೂ ಲೋಕಸಭೆಗೂ 25 ಆಗಿರಬೇಕು, ರಾಜ್ಯಸಭೆಗೆ 30. ಪಂಚಾಯಿತಿಯ ವಯೋಮಿತಿಯನ್ನು ಇಷ್ಟು ಕೆಳಗಿಟ್ಟಿರುವುದು ಆಕಸ್ಮಿಕವಲ್ಲ. ರಾಜಕೀಯವನ್ನು ಕಲಿಯಲು ಊರಿಗಿಂತ ಒಳ್ಳೆಯ ಜಾಗವಿಲ್ಲ ಎಂಬ ತಿಳಿವಳಿಕೆ ಅದರ ಹಿಂದಿದೆ. ಇನ್ನೊಂದು ಸಂಗತಿ ನಿಮ್ಮ ವಯಸ್ಸನ್ನು ನೋಡಿದಾಗ ಹೊಳೆಯಿತು. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ 61ನೇ ತಿದ್ದುಪಡಿ ಜಾರಿಗೆ ಬಂದದ್ದು 1989ರ ಮಾರ್ಚ್‌ನಲ್ಲಿ. ಆ ವರ್ಷದ ನವೆಂಬರ್‌ನಲ್ಲಿ ನಮ್ಮಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆಯಿತು. ಹದಿನೆಂಟು, ಹತ್ತೊಂಬತ್ತರಲ್ಲೇ ಮತಗಟ್ಟೆಗೆ ಹೋದ ಮೊದಲ ಸಾಲಿನಲ್ಲಿ ನಿಂತವರು ನಿಮ್ಮ ಓರಗೆಯವರು. ‘ಹದಿನೆಂಟರ ಹುಡುಗರಿಗೇನು ತಿಳಿಯುತ್ತದೆ’ ಎಂಬ ಮಾತು ಆಗ ಊರೂರಲ್ಲಿ ಕೇಳುತ್ತಿತ್ತು. ಅದನ್ನು ಕೇಳಿಸಿಕೊಂಡವರು ನೀವು.

ಈಗ ನಿಮ್ಮ ಪತ್ರದ ಆ ಒಂದು ಸಾಲಿಗೆ ಬರುತ್ತೇನೆ: ‘ನಮ್ಮ ಮುಖಂಡರು ಆಗಲೇ ಬೇರೆಯವರಿಗೆ ಮಾತು ಕೊಟ್ಟಿದ್ದಾರೆ.’ ನೀವು ಅದನ್ನು ಖರ್ಚು, ನಿಷ್ಠುರ, ಮದುವೆಗಳ ಪಕ್ಕದಲ್ಲಿ ಮತ್ತೊಂದು ಚಿಂತೆಯಂತೆ ಬರೆದಿದ್ದೀರಿ. ನನಗೆ ಪತ್ರದ ತಿರುಳೇ ಅದು ಎಂದು ಕಾಣುತ್ತದೆ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಬಿ ಫಾರಂ ಇಲ್ಲ, ಟಿಕೆಟ್ ಇಲ್ಲ. ಅರ್ಹತೆ ಇರುವ ಯಾರು ಬೇಕಾದರೂ ನಾಮಪತ್ರ ಹಾಕಬಹುದು. ಆದರೂ ‘ಬೆಂಬಲಿತ ಅಭ್ಯರ್ಥಿ’ ಎಂಬ ಹೆಸರಿನಲ್ಲಿ ಪಕ್ಷಗಳು ಒಂದೊಂದು ವಾರ್ಡನ್ನೂ ಮೊದಲೇ ಹಂಚಿಕೊಂಡಿರುತ್ತವೆ. ನಿಮ್ಮ ಮಗಳು ಆ ಹಂಚಿಕೆಯನ್ನು ಕೇಳದೆ ಹೊರಟಿದ್ದಾಳೆ. ಮುಖಂಡರು ನಿಮ್ಮನ್ನು ಕರೆದು ‘ಏನಪ್ಪಾ, ಮನೆಯಲ್ಲಿ ಒಂದು ಮಾತು ಹೇಳಲಾಗಲಿಲ್ಲವೇ’ ಎಂದು ಕೇಳುತ್ತಾರೆ ಎಂಬುದು ನಿಮ್ಮ ಅಳುಕು. ಮೂವತ್ತು ವರ್ಷ ಬಾವುಟ ಕಟ್ಟಿ, ಮನೆಮನೆ ತಿರುಗಿ, ಬೂತ್‌ನಲ್ಲಿ ಕುಳಿತ ನಿಮಗೂ ಪಕ್ಷ ಒಂದು ಸ್ಥಾನ ಕೊಟ್ಟಂತಿಲ್ಲ. ಕೊಟ್ಟಿದ್ದರೆ ನೀವು ಬರೆಯುತ್ತಿದ್ದಿರಿ. ಹಾಗಾಗಿ ನಿಮ್ಮ ಮನೆಯ ಜಗಳದಲ್ಲಿ ಒಬ್ಬರು ಒಳಗೆ, ಇನ್ನೊಬ್ಬರು ಹೊರಗೆ ನಿಂತಿದ್ದೀರಿ ಎಂದು ನನಗೆ ಅನ್ನಿಸುವುದಿಲ್ಲ. ಇಬ್ಬರೂ ಒಂದೇ ಬಾಗಿಲಿನ ಹೊರಗಿದ್ದೀರಿ. ನೀವು ಮೂವತ್ತು ವರ್ಷ ತಾಳ್ಮೆಯಿಂದ ಕಾದಿರಿ, ಅವಳು ಕಾಯಲು ಒಪ್ಪುತ್ತಿಲ್ಲ.

ಇದನ್ನು ಪೀಳಿಗೆಗಳ ಸಂಘರ್ಷ ಎಂದು ಕರೆದ ಕೂಡಲೇ ಅಸಲಿ ಜಗಳ ಮರೆಯಾಗುತ್ತದೆ. ಎಳೆಯರಿಗೆ ಹಿರಿಯರ ಮೇಲೆ ಸಿಟ್ಟೇಕೆ ಎಂದು ಕೇಳಿದ್ದೀರಿ. ನಾನು ಓದಿ, ಪಾಠ ಹೇಳಿ, ಪಂಚಾಯಿತಿ ಸದಸ್ಯರ ತರಬೇತಿಗಳಲ್ಲಿ ಕಂಡ ಮಟ್ಟಿಗೆ ಅವರ ಸಿಟ್ಟು ವಯಸ್ಸಿನ ಮೇಲಲ್ಲ. ಮೂರು ಉದಾಹರಣೆ ಕೊಡುತ್ತೇನೆ. 1974ರ ಮಾರ್ಚ್‌ನಲ್ಲಿ ಬಿಹಾರದ ವಿದ್ಯಾರ್ಥಿಗಳು ಬೆಲೆಯೇರಿಕೆ ಮತ್ತು ಭ್ರಷ್ಟಾಚಾರದ ವಿರುದ್ಧ ಬೀದಿಗೆ ಇಳಿದರು. ಮುಂದಾಳುತನ ವಹಿಸಿ ಎಂದು ಅವರು ಹೋಗಿ ಕರೆದದ್ದು 71 ವರ್ಷದ ಜಯಪ್ರಕಾಶ ನಾರಾಯಣರನ್ನು. 2024ರಲ್ಲಿ ಬಾಂಗ್ಲಾದೇಶದ ವಿದ್ಯಾರ್ಥಿಗಳು ಸರ್ಕಾರಿ ನೌಕರಿಯ ಮೀಸಲಾತಿ ಪದ್ಧತಿಯ ವಿರುದ್ಧ ಆರಂಭಿಸಿದ ಚಳವಳಿ ಆಗಸ್ಟ್ 5ರಂದು ಪ್ರಧಾನಿ ಶೇಖ್ ಹಸೀನಾ ದೇಶ ಬಿಡುವುದರಲ್ಲಿ ಮುಗಿಯಿತು. ಮಧ್ಯಂತರ ಸರ್ಕಾರವನ್ನು ನಡೆಸಲು ಆ ವಿದ್ಯಾರ್ಥಿಗಳು ಒತ್ತಾಯಿಸಿ ಕರೆಸಿಕೊಂಡದ್ದು 84 ವರ್ಷದ ಮುಹಮ್ಮದ್ ಯೂನುಸ್ ಅವರನ್ನು. 2025ರ ಸೆಪ್ಟೆಂಬರ್‌ನಲ್ಲಿ ನೇಪಾಳದಲ್ಲಿ ಸಾಮಾಜಿಕ ಜಾಲತಾಣಗಳ ನಿಷೇಧದ ಕಿಡಿಯಿಂದ ಹೊತ್ತಿಕೊಂಡ ಯುವಜನರ ಆಕ್ರೋಶ ಎರಡೇ ದಿನದಲ್ಲಿ ಪ್ರಧಾನಿ ಕೆ.ಪಿ. ಶರ್ಮಾ ಓಲಿ ಅವರ ರಾಜೀನಾಮೆಗೆ ಕಾರಣವಾಯಿತು. ಅವರ ಜಾಗಕ್ಕೆ ಬಂದವರು ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ. ಆಗ ಅವರಿಗೆ 73 ವರ್ಷ.

ಹಳಬರನ್ನು ಕಿತ್ತೊಗೆಯಲು ಹೊರಟ ಮಕ್ಕಳು ಮೂರು ಸಲವೂ ಅಜ್ಜ, ಅಜ್ಜಿಯರನ್ನೇ ಹುಡುಕಿಕೊಂಡು ಹೋದರು! ಜೆ.ಪಿ. ಅವರು ಅಧಿಕಾರದ ಹುದ್ದೆಗಳಿಂದ ದೂರವೇ ಉಳಿದಿದ್ದವರು. ಯೂನುಸ್ ಬಡವರಿಗೆ ಸಣ್ಣ ಸಾಲ ಕೊಡುವ ಬ್ಯಾಂಕ್ ಕಟ್ಟಿದವರು, ಕಾರ್ಕಿ ನ್ಯಾಯಾಲಯದಲ್ಲಿ ಹೆಸರು ಮಾಡಿದವರು. ಮೂವರಲ್ಲಿ ಯಾರೂ ಕುರ್ಚಿಯನ್ನು ಹಿಡಿದುಕೊಂಡು ಕುಳಿತಿರಲಿಲ್ಲ. ಈ ಚಳವಳಿಗಳೆಲ್ಲ ಒಳ್ಳೆಯದನ್ನೇ ತಂದವು ಎಂದು ನಾನು ಹೇಳುತ್ತಿಲ್ಲ. ಢಾಕಾದಲ್ಲೂ ಕಠ್ಮಂಡುವಿನಲ್ಲೂ ಗುಂಡಿಗೆ ಬಿದ್ದ ಎಳೆಯ ಜೀವಗಳನ್ನು ನೆನೆದರೆ ಕರುಳು ಕಿವುಚುತ್ತದೆ. ಹೇಳಲು ಹೊರಟದ್ದು ಇಷ್ಟೇ: ದಾರಿ ಬಿಡುವ ಹಿರಿಯರನ್ನು ಎಳೆಯರು ತಾವಾಗಿ ಅರಸಿಕೊಂಡು ಹೋಗುತ್ತಾರೆ, ದಾರಿಗೆ ಅಡ್ಡ ಕೂತವರ ಮೇಲೆ ಮಾತ್ರ ಕೆರಳುತ್ತಾರೆ.

ನಿಮ್ಮ ಜಿಲ್ಲೆಯಲ್ಲೇ ಇದಕ್ಕೆ ಸಾಕ್ಷಿಯಿದೆ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯವರ ದಂಡಿ ಯಾತ್ರೆಯಲ್ಲಿ ಹೆಜ್ಜೆ ಹಾಕಿದಾಗ ಹದಿನೆಂಟರ ಹುಡುಗ. ಮುಂದೆ ನಡೆಯುತ್ತಿದ್ದವರಿಗೆ ಅರವತ್ತು. ‘ಮೀಸೆ ಚಿಗುರದ ಹುಡುಗ ನೀನು, ಊರಿಗೆ ಹೋಗು’ ಎಂದು ಅವರು ಕಳಿಸಲಿಲ್ಲ. ಹದಿಮೂರು ವರ್ಷಗಳ ನಂತರ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಬ್ರಿಟಿಷ್ ಪೊಲೀಸರ ಗುಂಡಿಗೆ ಬಲಿಯಾದಾಗಲೂ ಮಹಾದೇವಪ್ಪನವರಿಗೆ ಮೂವತ್ತೆರಡು ತುಂಬಿರಲಿಲ್ಲ. ನಾವು ಅವರ ಹೆಸರನ್ನು ವೃತ್ತಗಳಿಗೆ ಇಡುತ್ತೇವೆ, ಪಠ್ಯದಲ್ಲಿ ಓದಿಸುತ್ತೇವೆ. ಅದೇ ವಯಸ್ಸಿನ ಹುಡುಗಿ ಮನೆಯಲ್ಲಿ ‘ನಾನೂ ಊರಿನ ಕೆಲಸಕ್ಕೆ ಹೋಗುತ್ತೇನೆ’ ಎಂದರೆ ವಯಸ್ಸಿನ ಲೆಕ್ಕ ತೆಗೆಯುತ್ತೇವೆ.

ಸ್ವಾತಂತ್ರ್ಯದ ನಂತರವೂ ನಮ್ಮ ನಾಡಿನ ರಾಜಕೀಯದಲ್ಲಿ ಎಳೆಯರಿಗೆ ಬಾಗಿಲು ಇಷ್ಟು ಬಿಗಿಯಾಗಿ ಮುಚ್ಚಿರಲಿಲ್ಲ. ಗೇಣಿ ರೈತರು ನಡೆಸಿದ ಕಾಗೋಡು ಸತ್ಯಾಗ್ರಹದ ಮರುವರ್ಷವೇ, 1952ರಲ್ಲಿ, ಶಾಂತವೇರಿ ಗೋಪಾಲಗೌಡರು ಶಾಸಕರಾದಾಗ ಅವರಿಗೆ ಮೂವತ್ತು ತುಂಬಿರಲಿಲ್ಲ. 1962ರಲ್ಲಿ ಹೊಳೆನರಸೀಪುರದಿಂದ ಎಚ್.ಡಿ. ದೇವೇಗೌಡ, ಮದ್ದೂರಿನಿಂದ ಎಸ್.ಎಂ. ಕೃಷ್ಣ ಗೆದ್ದು ಬಂದರು. ಇಬ್ಬರೂ ಮೂವತ್ತರ ಒಳಗಿನವರು, ಇಬ್ಬರೂ ಪಕ್ಷೇತರರು. ಯಾವ ಮುಖಂಡರೂ ಅವರಿಗೆ ವಾರ್ಡು, ಕ್ಷೇತ್ರ ಹಂಚಿಕೊಟ್ಟಿರಲಿಲ್ಲ. ದೇವೇಗೌಡರು ಅದಕ್ಕೂ ಮೊದಲು ಸಹಕಾರ ಸಂಘದಲ್ಲಿ, ತಾಲ್ಲೂಕು ಅಭಿವೃದ್ಧಿ ಮಂಡಳಿಯಲ್ಲಿ ಕೆಲಸ ಕಲಿತಿದ್ದರು. ಸಿದ್ದರಾಮಯ್ಯನವರ ಚುನಾವಣಾ ರಾಜಕೀಯ ಆರಂಭವಾದದ್ದು 1978ರಲ್ಲಿ ಮೈಸೂರಿನ ತಾಲ್ಲೂಕು ಬೋರ್ಡಿನಿಂದ. ಕೆಳಗಿನ ಮೆಟ್ಟಿಲು ಇತ್ತು, ಅಲ್ಲಿ ಕಾಲಿಟ್ಟು ಮೇಲೆ ಹೋದರು.

1973ರ ನವೆಂಬರ್‌ನ ಬೂಸಾ ಪ್ರಕರಣ ನಿಮಗೆ ಹಿರಿಯರ ಬಾಯಿಂದ ಕೇಳಿ ಗೊತ್ತಿರಬಹುದು. ಕನ್ನಡ ಸಾಹಿತ್ಯದ ಬಗ್ಗೆ ಸಚಿವ ಬಿ. ಬಸವಲಿಂಗಪ್ಪನವರು ಆಡಿದ ಒಂದು ಮಾತಿಗೆ ರಾಜ್ಯದಲ್ಲಿ ಗಲಾಟೆ ಎದ್ದು, ಅವರು ಸಚಿವ ಸ್ಥಾನವನ್ನೇ ಬಿಡಬೇಕಾಯಿತು. ಏಟು ತಿಂದರೂ ಅವರ ಬೆನ್ನಿಗೆ ನಿಂತವರು ಹಾಸ್ಟೆಲ್‌ಗಳಲ್ಲಿದ್ದ ದಲಿತ ವಿದ್ಯಾರ್ಥಿಗಳು. ಅಲ್ಲಿಂದ ಹುಟ್ಟಿದ ಕಾವು ದಲಿತ ಸಂಘರ್ಷ ಸಮಿತಿಯಾಗಿ ರೂಪ ಪಡೆಯಿತು. ಭದ್ರಾವತಿಯ ಅಧ್ಯಾಪಕ ಬಿ. ಕೃಷ್ಣಪ್ಪನವರಂಥವರು ಆ ಹುಡುಗರ ಜೊತೆಗಿದ್ದು ಸಂಘಟನೆ ಕಟ್ಟಿದರು. ಐವತ್ತರ ಸಚಿವ, ಮೂವತ್ತು ದಾಟಿದ ಮೇಷ್ಟ್ರು, ಇಪ್ಪತ್ತರ ವಿದ್ಯಾರ್ಥಿಗಳು. ಇವರ ನಡುವೆ ಪೀಳಿಗೆಯ ಗೋಡೆ ಎಲ್ಲಿತ್ತು ಹೇಳಿ.

ಹಾಗಾದರೆ ಈಗೇನಾಗಿದೆ? ಮೆಟ್ಟಿಲುಗಳನ್ನು ಒಂದೊಂದಾಗಿ ಕಿತ್ತು ಹಾಕಿದ್ದೇವೆ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳಿಗೆ ನೇರ ಚುನಾವಣೆ ನಿಂತು ಮೂರು ದಶಕಗಳು ಕಳೆದಿವೆ. ಹೊಡೆದಾಟವಾಗುತ್ತದೆ ಎಂಬುದು ಕಾರಣ. ಹೊಡೆದಾಟವಾಗದಂತೆ ನಡೆಸುವುದು ಹೇಗೆ ಎಂದು ಲಿಂಗ್ಡೋ ಸಮಿತಿ ವಯಸ್ಸು, ಹಾಜರಾತಿ, ಖರ್ಚಿನ ಮಿತಿಗಳ ಸಮೇತ ಬರೆದುಕೊಟ್ಟಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿಗೊಳಿಸಲು ಹೇಳಿತು. ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು ಎಂಬ ನಿಯಮವೂ ಅದರಲ್ಲಿದೆ. ದೇಶದ ಬೇರೆ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಚುನಾವಣೆ ನಡೆಯುತ್ತಿದೆ, ನಮ್ಮಲ್ಲಿ ಮಾತ್ರ ಇಷ್ಟು ವರ್ಷ ಬಾಗಿಲು ಹಾಕಿಕೊಂಡೇ ಕುಳಿತೆವು. ನಿಮ್ಮ ಮಗಳು ಬಿ.ಕಾಂ. ಓದಿದ ಮೂರು ವರ್ಷಗಳಲ್ಲಿ ಒಂದು ಸಲವೂ ಮತ ಕೇಳಿ ಭಾಷಣ ಮಾಡುವ, ಸೋತು ಮಾರನೆಯ ದಿನ ಗೆದ್ದವರ ಪಕ್ಕದಲ್ಲೇ ಪಾಠ ಕೇಳುವ ಅವಕಾಶ ಅವಳಿಗೆ ಸಿಕ್ಕಿರಲಾರದು.

ಮುಂದಿನ ಮೆಟ್ಟಿಲು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂದು ವರ್ಷಗಟ್ಟಲೆ ಚುನಾವಣೆ ಇಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆದುಹೋಯಿತು. ಬೆಂಗಳೂರಿನ ಮಹಾನಗರ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಅದರ ಅವಧಿ ಮುಗಿಯಿತು, 2025ರಲ್ಲಿ ಪಾಲಿಕೆಯನ್ನೇ ಐದಾಗಿ ಒಡೆದರು. 2015ರ ಚುನಾವಣೆಯ ಹೊತ್ತಿಗೆ ಹದಿನೇಳು ವರ್ಷದವನಾಗಿದ್ದ ಬೆಂಗಳೂರಿನ ಹುಡುಗ ಹತ್ತು ವರ್ಷ ಕಳೆದು ಇಪ್ಪತ್ತೇಳಾದಾಗಲೂ ತನ್ನ ವಾರ್ಡಿನ ಪ್ರತಿನಿಧಿಗೆ ಒಂದು ಮತ ಹಾಕಿರಲಿಲ್ಲ. ‘ಯುವಕರಿಗೆ ರಾಜಕೀಯದಲ್ಲಿ ಆಸಕ್ತಿಯಿಲ್ಲ’ ಎಂದು ಯಾರಾದರೂ ವೇದಿಕೆಯ ಮೇಲೆ ಹೇಳಿದಾಗ ನನಗೆ ಈ ಲೆಕ್ಕ ನೆನಪಾಗುತ್ತದೆ. ಮೂರು ಪಕ್ಷಗಳ ಸರ್ಕಾರಗಳೂ ನಮ್ಮಲ್ಲಿ ಬಂದು ಹೋಗಿವೆ. ಈ ವಿಷಯದಲ್ಲಿ ಯಾರೂ ಯಾರಿಗಿಂತ ಮೇಲಲ್ಲ. ಕೆಳಗಿನ ಮನೆಗಳಲ್ಲಿ ಹೊಸ ನಾಯಕರು ಹುಟ್ಟುವುದು ಶಾಸಕರಿಗೆ ಅಷ್ಟಾಗಿ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೆಟ್ಟಿಲು ಇಲ್ಲದಿದ್ದರೆ ಮೇಲೆ ಹೋಗುವವರು ಯಾರು? ಮೇಲಿನ ಮಹಡಿಯಲ್ಲೇ ಹುಟ್ಟಿದವರು. 2024ರಲ್ಲಿ ಕರ್ನಾಟಕದಿಂದ ಗೆದ್ದ ಅತಿ ಕಿರಿಯ ಸಂಸದರು ಬೀದರ್‌ನ ಸಾಗರ್ ಖಂಡ್ರೆ ಮತ್ತು ಚಿಕ್ಕೋಡಿಯ ಪ್ರಿಯಾಂಕಾ ಜಾರಕಿಹೊಳಿ. ಇಬ್ಬರಿಗೂ ಆಗ ಮೂವತ್ತು ತುಂಬಿರಲಿಲ್ಲ, ಇಬ್ಬರ ತಂದೆಯೂ ರಾಜ್ಯ ಸರ್ಕಾರದಲ್ಲಿ ಸಚಿವರಾಗಿದ್ದರು. ಅವರು ಒಳ್ಳೆಯ ಕೆಲಸ ಮಾಡಬಹುದು, ಮಾಡಲಿ ಎಂದು ನಾನೂ ಹಾರೈಸುತ್ತೇನೆ. ಆದರೆ ಆ ವಯಸ್ಸಿಗೆ ಆ ಬಾಗಿಲು ನಿಮ್ಮ ಮಗಳಿಗೆ ತೆರೆಯುತ್ತದೆಯೇ? ಲೋಕಸಭಾ ಅಭ್ಯರ್ಥಿ ಕಾನೂನುಬದ್ಧವಾಗಿ 95 ಲಕ್ಷ ರೂಪಾಯಿ, ವಿಧಾನಸಭಾ ಅಭ್ಯರ್ಥಿ 40 ಲಕ್ಷ ರೂಪಾಯಿ ಖರ್ಚು ಮಾಡಬಹುದು. ನಿಜದ ಖರ್ಚು ಎಷ್ಟೆಂದು ಮೂವತ್ತು ವರ್ಷ ಕಣ್ಣಾರೆ ಕಂಡ ನಿಮಗೆ ನಾನು ಹೇಳಬೇಕಿಲ್ಲ. ಭಾರತದ ಜನರಲ್ಲಿ ಅರ್ಧದಷ್ಟು ಮಂದಿ ಮೂವತ್ತರೊಳಗಿನವರು. ಈಗಿನ ಲೋಕಸಭೆಯಲ್ಲಿ ಸದಸ್ಯರ ಸರಾಸರಿ ವಯಸ್ಸು 56. ನಲವತ್ತು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರು ನೂರಕ್ಕೆ ಹನ್ನೊಂದರಷ್ಟು ಮಾತ್ರ.

ಬಾಗಿಲು ಮುಚ್ಚಿದ್ದರೂ ಪಕ್ಷಗಳಿಗೆ ಹುಡುಗರು ಬೇಕೇ ಬೇಕು. ಬೈಕ್ ರ‍್ಯಾಲಿಗೆ ಪೆಟ್ರೋಲ್ ಹಾಕಿಸಿ ಕರೆದೊಯ್ಯಲು ಬೇಕು. ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಲು, ಜೆ.ಸಿ.ಬಿ.ಯ ಮೇಲೆ ನಿಂತು ಹೂ ಸುರಿಯಲು, ಗಣೇಶನ ಮೆರವಣಿಗೆಯಲ್ಲಿ ಬಾವುಟ ಹಿಡಿಯಲು ಬೇಕು. ಕ್ರಿಕೆಟ್ ಪಂದ್ಯಾವಳಿಗೆ ಟ್ರೋಫಿ ಕೊಟ್ಟು ಯುವಕ ಸಂಘವನ್ನು ಕೈಯಲ್ಲಿಟ್ಟುಕೊಳ್ಳುತ್ತಾರೆ. ಈಚೆಗೆ ಮೊಬೈಲ್‌ನಲ್ಲಿ ಎದುರಾಳಿಯನ್ನು ಬೈದು ಬರೆಯುವ ಕೆಲಸವೂ ಸೇರಿಕೊಂಡಿದೆ. ಗಲಾಟೆಯಾದರೆ ಕೇಸು ಬೀಳುವುದು ಆ ಹುಡುಗರ ಮೇಲೆ. ಅದರಿಂದ ಪೊಲೀಸ್ ಪರಿಶೀಲನೆಯಲ್ಲಿ ನೌಕರಿ ತಪ್ಪಿಸಿಕೊಂಡ ಮಕ್ಕಳನ್ನು ನಾನು ಬಲ್ಲೆ. ಕರೆದೊಯ್ದ ಮುಖಂಡರ ಸ್ವಂತ ಮಕ್ಕಳು ಆ ಹೊತ್ತಿನಲ್ಲಿ ಬೆಂಗಳೂರಿನಲ್ಲೋ ವಿದೇಶದಲ್ಲೋ ಓದುತ್ತಿರುತ್ತಾರೆ. ನಿಮ್ಮ ಮಗಳು ಈ ಗುಂಪಿಗೆ ಸೇರದೆ, ನಾಮಪತ್ರ ಹಾಕಿ ನೆಟ್ಟಗೆ ಹೋಗುತ್ತೇನೆ ಎನ್ನುತ್ತಿದ್ದಾಳೆ. ಹೆಮ್ಮೆಪಡಬೇಕಾದ ಮಾತಿದು.

ಅವಳಿಗೂ ಒಂದೆರಡು ಮಾತು ಹೇಳಬೇಕಿದೆ. ಈ ಭಾಗವನ್ನು ಅವಳಿಗೆ ಓದಿ ಹೇಳಬೇಡಿ, ಪತ್ರವನ್ನೇ ಅವಳ ಕೈಗೆ ಕೊಡಿ.

ತಂಗೀ, ನಿಮ್ಮ ತಂದೆಯ ಕಾಲದವರು ಮತ ಮಾರಿಕೊಂಡರು ಎಂದು ನೀವು ಹೇಳಿದ್ದೀರಿ. ಮಾರಿಕೊಂಡವರು ಇದ್ದರು, ನಿಜ. ಆದರೆ ಅದೇ ಕಾಲದವರು ಕರ್ನಾಟಕದಲ್ಲಿ ಪಂಚಾಯಿತಿಯನ್ನು ಕಟ್ಟಿ ನಿಲ್ಲಿಸಿದರು ಎಂಬುದೂ ನಿಜ. ದೇಶದಲ್ಲಿ ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಬರುವುದಕ್ಕೆ ಆರು ವರ್ಷ ಮೊದಲೇ, 1987ರಲ್ಲಿ, ನಮ್ಮಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು, ನೂರಕ್ಕೆ ಇಪ್ಪತ್ತೈದು ಸ್ಥಾನಗಳಲ್ಲಿ ಹೆಣ್ಣುಮಕ್ಕಳು ಕುಳಿತರು. ಅದರ ಹಿಂದೆ ಇದ್ದವರು ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ಈಗ ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ನೀವು ಸ್ಪರ್ಧಿಸಲು ಹೊರಟಿರುವ ಆ ಸ್ಥಾನವೂ ಹಿಂದಿನವರು ದುಡಿದು ಗಳಿಸಿದ್ದು. ಇಡೀ ಪೀಳಿಗೆಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ನಿಮ್ಮ ಜೊತೆ ನಿಲ್ಲಬಹುದಾಗಿದ್ದ ಹತ್ತು ಹಿರಿಯರು ಎದುರು ಹೋಗುತ್ತಾರೆ. ಊರಿನಲ್ಲಿ ಹತ್ತು ಮನೆ ಎಂದರೆ ಒಂದು ವಾರ್ಡಿನ ಫಲಿತಾಂಶವೇ ಬದಲಾಗುತ್ತದೆ.

ಎರಡನೆಯದು, ರಾಜಕೀಯದ ಮೇಲಿನ ಜಿಗುಪ್ಸೆಯನ್ನೇ ರಾಜಕೀಯ ಎಂದುಕೊಳ್ಳಬೇಡಿ. ರಸ್ತೆ ಗುಂಡಿಯ ವಿಡಿಯೊ ಹಾಕಿ ಸಾವಿರ ಮಂದಿ ಮೆಚ್ಚಿದರೆ ಮನಸ್ಸಿಗೆ ಸಮಾಧಾನವಾಗುತ್ತದೆ, ಗುಂಡಿ ಹಾಗೆಯೇ ಇರುತ್ತದೆ. ಗುಂಡಿ ಮುಚ್ಚಬೇಕಾದರೆ ಆ ಕೆಲಸ ವಾರ್ಡ್ ಸಭೆಯಲ್ಲಿ ಬಂದು, ಗ್ರಾಮ ಸಭೆಯಲ್ಲಿ ಒಪ್ಪಿಗೆ ಪಡೆದು, ಕ್ರಿಯಾಯೋಜನೆಗೆ ಸೇರಬೇಕು. ಬೇಸರ ತರಿಸುವ ಕೆಲಸವಿದು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021ರಿಂದ ನೂರಕ್ಕೆ ಅರವತ್ತು ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕೆಂಬ ಕಟ್ಟಳೆ ಇತ್ತು. ಅದು ತಿಳಿಯದ ಸದಸ್ಯರು ‘ಆ ಹಣವನ್ನೂ ನಮ್ಮ ರಸ್ತೆಗೆ ಹಾಕಿ’ ಎಂದು ಸಭೆಯಲ್ಲಿ ಕೂಗಾಡಿ, ಆಗುವುದಿಲ್ಲ ಎಂದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿ.ಡಿ.ಒ.) ಮೇಲೆ ಸಂಶಯಪಟ್ಟು ಮನೆಗೆ ಹೋಗುತ್ತಿದ್ದರು. ನೀವು ಬಿ.ಕಾಂ. ಓದಿದವರು. ಆಯವ್ಯಯ, ಜಮಾ-ಖರ್ಚು ನಿಮಗೆ ನೀರು ಕುಡಿದಷ್ಟು ಸಲೀಸು. ಪಂಚಾಯಿತಿಯ ಪುಸ್ತಕಗಳನ್ನು ಓದಬಲ್ಲ ಸದಸ್ಯೆಗೆ ಮೊದಲ ವರ್ಷದಲ್ಲೇ ಬರುವ ಗೌರವ ಇಪ್ಪತ್ತು ವರ್ಷ ಕುಳಿತವರಿಗೂ ಬಂದಿರುವುದಿಲ್ಲ.

ಮತ್ತೆ ತಂದೆಯವರಿಗೆ. ನಿಮ್ಮ ಚಿಂತೆಗಳನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ.

ಖರ್ಚಿನ ಮಾತು ಮೊದಲು. ಗ್ರಾಮ ಪಂಚಾಯಿತಿಯ ಠೇವಣಿ ಹಣ ಕೆಲವು ನೂರು ರೂಪಾಯಿ ಮಾತ್ರ. ಬಾಡೂಟ, ಹೆಂಡ, ಕವರು ಎಂದು ಹೋದರೆ ಲಕ್ಷವೂ ಸಾಲದು. ಹೊಲ ಒತ್ತೆಯಿಟ್ಟು ನಿಂತವರು ಗೆದ್ದ ಮೇಲೆ ಆ ಹಣವನ್ನು ಕಾಮಗಾರಿಯಲ್ಲಿ ಹುಡುಕುತ್ತಾರೆ. ನಿಮ್ಮ ಮಗಳು ಯಾವುದನ್ನು ದೂರುತ್ತಿದ್ದಾಳೋ ಅದೇ ಆಗುತ್ತದೆ. ಒಂದು ಮೊತ್ತವನ್ನು ಮನೆಯಲ್ಲಿ ಎಲ್ಲರೂ ಕುಳಿತು ನಿಗದಿ ಮಾಡಿ, ಕರಪತ್ರಕ್ಕೆ, ಓಡಾಟಕ್ಕೆ ಸಾಲುವಷ್ಟು. ಅದನ್ನು ಮೀರುವುದಿಲ್ಲ ಎಂದು ಮನೆಮನೆಗೆ ಹೋದಾಗ ಬಾಯಿಬಿಟ್ಟೇ ಹೇಳಲಿ. ಹಣ ಹಂಚದವರು ಗೆಲ್ಲುವುದಿಲ್ಲ ಎಂದು ನೀವು ಹೇಳಬಹುದು. ಬಹಳ ಕಡೆ ಅದು ನಿಜ. ಆದರೆ ಗ್ರಾಮ ಪಂಚಾಯಿತಿಯ ವಾರ್ಡು ಸಣ್ಣದು, ಎಲ್ಲರೂ ಎಲ್ಲರಿಗೂ ಗೊತ್ತು. ರಾಜ್ಯದ ಎಲ್ಲ ಚುನಾವಣೆಗಳಲ್ಲಿ ಹಣವಿಲ್ಲದವರಿಗೆ ಅಷ್ಟಾದರೂ ಅವಕಾಶ ಉಳಿದಿರುವುದು ಇಲ್ಲಿ ಮಾತ್ರ.

ನಿಷ್ಠುರದ ಮಾತು ಇದಕ್ಕಿಂತ ಕಷ್ಟದ್ದು. ಊರ ಹಿರಿಯರು ದೇವಸ್ಥಾನದ ಕಟ್ಟೆಯ ಮೇಲೆ ಸೇರಿ ‘ಈ ಸಲ ಅವಿರೋಧ ಆಯ್ಕೆ ಮಾಡೋಣ, ಊರಿನ ಒಗ್ಗಟ್ಟು ಮುಖ್ಯ’ ಎನ್ನಬಹುದು. ಕೇಳಲು ಸೊಗಸಾದ ಮಾತು. 2020ರ ಡಿಸೆಂಬರ್‌ನ ಚುನಾವಣೆಯ ಹೊತ್ತಿಗೆ ಕೆಲವು ಊರುಗಳಲ್ಲಿ ಪಂಚಾಯಿತಿ ಸ್ಥಾನಗಳನ್ನು ಹರಾಜು ಹಾಕಿದ್ದು ಸುದ್ದಿಯಾಗಿ, ರಾಜ್ಯ ಚುನಾವಣಾ ಆಯೋಗ ಕ್ರಮ ಕೈಗೊಳ್ಳಲು ಹೇಳಬೇಕಾಯಿತು. ಅವಿರೋಧದ ಹೆಸರಿನಲ್ಲಿ ಬಾಯಿ ಮುಚ್ಚಿಸಿಕೊಳ್ಳುವವರು ಯಾವಾಗಲೂ ಎಳೆಯರು, ಹೆಂಗಸರು, ಕೇರಿಯವರು. ಅಂಥ ಕಟ್ಟೆಗೆ ನಿಮ್ಮನ್ನು ಕರೆದರೆ, ‘ಮಗಳಿಗೆ 23 ವರ್ಷ, ಅವಳ ನಿರ್ಧಾರವನ್ನು ಅವಳನ್ನೇ ಕೇಳಿ’ ಎಂದು ಹೇಳಿ ಎದ್ದು ಬನ್ನಿ. ಅವಳ ಪರವಾಗಿ ಒಪ್ಪಿಕೊಂಡು ಬರಬೇಡಿ.

ಮದುವೆಯ ಬಗ್ಗೆ ಹೇಳಲು ನನಗೆ ಹೆಚ್ಚಿಲ್ಲ. ಪಂಚಾಯಿತಿ ಸದಸ್ಯೆ ಎಂಬ ಕಾರಣಕ್ಕೆ ಬೇಡ ಎನ್ನುವ ಮನೆ ಅವಳಿಗೆ ಹೇಗೂ ಸರಿಹೋಗುವುದಿಲ್ಲ. ಆದರೆ ಮದುವೆಯಾಗಿ ಬೇರೆ ಊರಿಗೆ ಹೋದರೆ ಸದಸ್ಯತ್ವ ಏನಾಗುತ್ತದೆ ಎಂದು ಮತದಾರರು ಕೇಳಿಯೇ ಕೇಳುತ್ತಾರೆ. ಅವಳು ಅದಕ್ಕೆ ಉತ್ತರವನ್ನು ಈಗಲೇ ಯೋಚಿಸಿಟ್ಟುಕೊಳ್ಳಲಿ. ಹುಡುಗನನ್ನು ಯಾರೂ ಹೀಗೆ ಕೇಳುವುದಿಲ್ಲ ಎಂಬುದು ನನಗೂ ಗೊತ್ತಿದೆ, ಬೇಸರವೂ ಇದೆ.

ಒಂದು ವಿಷಯದಲ್ಲಿ ನಿಮಗೆ ಖಂಡಿತವಾಗಿ ಎಚ್ಚರಿಕೆ ಹೇಳಬೇಕು. ಮಗಳು ಗೆದ್ದ ಮೇಲೆ ಅವಳ ಕುರ್ಚಿಯ ಪಕ್ಕದಲ್ಲಿ ನೀವು ಕೂರಬೇಡಿ. ಹೆಂಡತಿ ಸದಸ್ಯೆ, ಗಂಡ ಸಭೆಗೆ ಬರುತ್ತಾನೆ. ಸೊಸೆ ಅಧ್ಯಕ್ಷೆ, ಮಾವ ಸಹಿ ಮಾಡಿಸುತ್ತಾನೆ. ಇದನ್ನು ನೀವು ನಿಮ್ಮ ತಾಲ್ಲೂಕಿನಲ್ಲೇ ಕಂಡಿರುತ್ತೀರಿ. ಮೂವತ್ತು ವರ್ಷ ಅವಕಾಶಕ್ಕಾಗಿ ಕಾದ ಮನುಷ್ಯನಿಗೆ ಆ ಆಸೆ ಬರುವುದು ಸಹಜ, ಅದಕ್ಕೇ ಹೇಳುತ್ತಿದ್ದೇನೆ.

ನೀವು ಮಾಡಬಹುದಾದದ್ದು ಬೇರೆ ಬಹಳವಿದೆ, ಅದನ್ನು ಬೇರೆ ಯಾರೂ ಮಾಡಲಾರರು. ಯಾವ ಮನೆಗೂ ಯಾವ ಮನೆಗೂ ಎಷ್ಟು ವರ್ಷದ ಬದುವಿನ ಜಗಳ, ಯಾರ ಹೆಸರು ಮತದಾರರ ಪಟ್ಟಿಯಲ್ಲಿ ಬಿಟ್ಟುಹೋಗುತ್ತದೆ, ಯಾವ ಕೊಳವೆಬಾವಿ ಯಾರ ಕಾಲದಲ್ಲಿ ಕೊರೆದದ್ದು, ಕಚೇರಿಯಲ್ಲಿ ಯಾವ ಕಾಗದ ಯಾರ ಮೇಜಿನಲ್ಲಿ ನಿಲ್ಲುತ್ತದೆ ಎಂಬುದೆಲ್ಲ ನಿಮ್ಮ ತಲೆಯಲ್ಲಿದೆ. ಒಂದು ನೋಟ್‌ಬುಕ್ ತೆಗೆದುಕೊಂಡು ಅದನ್ನೆಲ್ಲ ಹೇಳಿ ಬರೆಸಿ. ಬುದ್ಧಿವಾದ ಬೆರೆಸದೆ ವಿವರ ಮಾತ್ರ ಹೇಳಿ, ತೀರ್ಮಾನ ಅವಳು ಮಾಡಿಕೊಳ್ಳಲಿ. ನಿಂತಿರುವ ಮಾತು ಹೀಗೆ ಮತ್ತೆ ಶುರುವಾಗಬಹುದು ಎಂಬ ಆಸೆಯೂ ನನಗಿದೆ.

ಮುಖಂಡರ ವಿಷಯ ಉಳಿಯಿತು. ಬೇರೆಯವರ ಬಾಯಿಂದ ಅವರಿಗೆ ಸುದ್ದಿ ಹೋಗುವ ಮೊದಲು ನೀವೇ ಹೋಗಿ ಹೇಳಿ. ಅನುಮತಿ ಕೇಳಲು ಹೋಗಬೇಡಿ, ತಿಳಿಸಲು ಹೋಗಿ. ‘ನನ್ನ ಮಗಳು ನಿಲ್ಲುತ್ತಿದ್ದಾಳೆ, ನಾನು ಅವಳ ಜೊತೆಗಿರುತ್ತೇನೆ, ವಿಧಾನಸಭೆ ಚುನಾವಣೆಯಲ್ಲಿ ಪಕ್ಷದ ಕೆಲಸ ಎಂದಿನಂತೆ ಮಾಡುತ್ತೇನೆ’ ಎಂದರೆ ಸಾಕು. ಅವರು ಮುನಿಸಿಕೊಳ್ಳಬಹುದು. ಮೂವತ್ತು ವರ್ಷದ ದುಡಿಮೆಯನ್ನು ಒಂದು ವಾರ್ಡಿಗಾಗಿ ಮರೆಯುವವರಾದರೆ, ಆ ದುಡಿಮೆಯ ಬೆಲೆ ಅವರಿಗೆ ಎಷ್ಟಿತ್ತು ಎಂಬುದು ನಿಮಗೆ ತಿಳಿಯುತ್ತದೆ.

ಈಗ ಮಾಡಬೇಕಾದ ಕೆಲಸಗಳು. ಅವಳ ಹೆಸರು ನಿಮ್ಮ ಊರಿನ ಮತದಾರರ ಪಟ್ಟಿಯಲ್ಲೇ ಇದೆಯೇ ನೋಡಿ. ಓದಲು ಹೋದ ಊರಿನಲ್ಲಿ ಸೇರಿಸಿಕೊಂಡಿದ್ದರೆ ಈಗಲೇ ವರ್ಗಾಯಿಸಿಕೊಳ್ಳಲಿ. ಅವಳ ಓರಗೆಯವರಲ್ಲಿ ಹೆಸರು ಇಲ್ಲದವರು ಬಹಳ ಮಂದಿ ಇರುತ್ತಾರೆ. ಹದಿನೆಂಟು ತುಂಬಿದವರು ಮೊದಲಿನಂತೆ ಜನವರಿ 1ಕ್ಕಾಗಿ ಕಾಯಬೇಕಿಲ್ಲ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳ ಮೊದಲ ದಿನವೂ ಈಗ ವಯಸ್ಸು ಲೆಕ್ಕ ಹಾಕುವ ಅರ್ಹತಾ ದಿನಾಂಕವೇ. ಹದಿನೇಳು ತುಂಬಿದವರು ಮುಂಗಡವಾಗಿ ಅರ್ಜಿ ಹಾಕಬಹುದು. ಅವರನ್ನೆಲ್ಲ ಕರೆದು ಹೆಸರು ಸೇರಿಸುವ ಅರ್ಜಿಯಾದ ನಮೂನೆ 6 ತುಂಬಿಸುವುದೇ ಅವಳ ಪ್ರಚಾರದ ಮೊದಲ ಕೆಲಸವಾಗಲಿ. ನಿಮ್ಮ ಮನೆಯ ಕಂದಾಯ, ನೀರಿನ ಕರ ಪಂಚಾಯಿತಿಗೆ ಬಾಕಿಯಿದ್ದರೆ ಕಟ್ಟಿ ರಸೀದಿ ಇಟ್ಟುಕೊಳ್ಳಿ, ನಾಮಪತ್ರ ಪರಿಶೀಲನೆಯ ದಿನ ಎದುರಾಳಿಗಳು ಹುಡುಕುವುದು ಇಂಥದ್ದನ್ನೇ. ಮುಂದಿನ ವಾರ್ಡ್ ಸಭೆಗೆ ಇಬ್ಬರೂ ಹೋಗಿ, ಬೇರೆ ಬೇರೆ ಕುಳಿತುಕೊಳ್ಳಿ, ಅವಳು ತನ್ನ ಪ್ರಶ್ನೆಯನ್ನು ತಾನೇ ಕೇಳಲಿ. ಸೋತರೂ ಐದು ವರ್ಷ ಯಾವ ವಾರ್ಡ್ ಸಭೆಯನ್ನೂ ಗ್ರಾಮ ಸಭೆಯನ್ನೂ ತಪ್ಪಿಸುವುದಿಲ್ಲ ಎಂದು ಅವಳಿಂದ ಈಗಲೇ ಮಾತು ತೆಗೆದುಕೊಳ್ಳಿ. ನಾಮಪತ್ರಕ್ಕೆ ಅದೇ ವಾರ್ಡಿನ ಮತದಾರರೊಬ್ಬರು ಸೂಚಕರಾಗಿ ಸಹಿ ಹಾಕಬೇಕಾಗುತ್ತದೆ. ಅದಕ್ಕಾಗಿ ಅವಳು ಬೇರೆ ಮನೆಯ ಬಾಗಿಲಿಗೆ ಹೋಗುವಂತೆ ಮಾಡಬೇಡಿ.